ನೀರಿನ ಗುರುತು

ಗೊರೂರಿನ ನಕ್ಷೆ ಕೋಣೆಯಲ್ಲಿ ಮೂವತ್ತು ವರ್ಷ
ನೀರು ಬರೆಯುವುದೆಂದರೆ ನನಗೆ ಇಷ್ಟೇ:
ತಲೆಕೆಳಗಾದ ಒಂದು ತ್ರಿಕೋನ, ಅದರಡಿ
ಉದ್ದ, ಗಿಡ್ಡ, ಇನ್ನೂ ಗಿಡ್ಡ ಮೂರು ಗೆರೆ.
ಪಕ್ಕದಲ್ಲಿ ಅಂಕಿ: ೨೯೨೨ ಅಡಿ.

ಈಗ ಹಾಸನದಲ್ಲಿ, ಪಕ್ಕದ ಮನೆ ಜೆಸಿಂತಾ
ಗಾಜಿನ ಲೋಟ ತಂದಿಟ್ಟು ಎದುರಿಗೆ ಕೂತಳು.
'ತಾತ, ಇದರೊಳಗಿನ ನೀರು ಬರ್‍ಕೊಡಿ,
ನಾಳೆ ಡ್ರಾಯಿಂಗ್ ಮಿಸ್ ಕೇಳ್ತಾರೆ.'

ಪೆನ್ಸಿಲ್ ಚೂಪು ಮಾಡಿದೆ. ಬರೆದೆ.
ಲೋಟ ಬಂತು, ಒಳಗೆ ಮುರಿದಂತಿರುವ ಚಮಚ ಬಂತು,
ಮೇಜಿನ ಮೇಲೆ ನೆರಳೂ ಬಂತು.
ನೀರು ಬರಲಿಲ್ಲ.

ಅವಳೇ ರಬ್ಬರಿನ ಮೂಲೆಯಿಂದ
ನೆರಳಿನ ನಡುವೆ ಒಂದು ಚೂರು ಬಿಳಿ ತೆಗೆದಳು.
ಲೋಟ ತುಂಬಿತು.

'ಹೊಳೆ?' ಎಂದೆ. ಪೆನ್ಸಿಲ್ ಮಲಗಿಸಿ ಎಳೆದಳು.
'ಇಬ್ಬನಿ?' ಬೆರಳಲ್ಲಿ ಒರೆಸಿದಳು.
'ಮುಳುಗಡೆ?'

ಅವಳ ಅಜ್ಜಿ ಶೆಟ್ಟಿಹಳ್ಳಿಯವಳು.
ಓಡಿಹೋಗಿ ಕೇಳಿಕೊಂಡೇ ಬಂದಳು:
'ಮೊದಲು ಮನೆ ಬರೀಬೇಕಂತೆ ತಾತ,
ಒಲೆ, ಹಿತ್ತಲು, ನುಗ್ಗೆಮರ, ಎಮ್ಮೆ ಕಟ್ಟೋ ಗೂಟ.
ಎಲ್ಲಾ ಆದಮೇಲೆ ಅಡ್ಡ ಗೆರೆ ಎಳೀಬೇಕಂತೆ,
ಹಗುರವಾಗಿ, ಗೂಟ ಕಾಣೋ ಹಾಗೆ.'

ರಾತ್ರಿ ಹನ್ನೊಂದು. ನಾನಿನ್ನೂ
ಗೂಟದ ಹತ್ತಿರವೇ ಇದ್ದೇನೆ.
ಗೆರೆ ಎಳೆಯಲು ಕೈ ಏಳುತ್ತಿಲ್ಲ.