ಇದ್ದಿಲ ಗೆರೆ

ಮೊದಲ ವರ್ಷ ನಾನು ಎಲ್ಲವನ್ನೂ ಬರೆದೆ.
ಮುರಿಗೆಪ್ಪ ಮೇಷ್ಟ್ರು ಉಸಿರು ಬಿಟ್ಟರೆ ಒಂದು ಅಲ್ಪವಿರಾಮ,
ಕೆಮ್ಮಿದರೆ ಹೊಸ ಪ್ಯಾರಾ.
ಇನ್ನೂರು ಪುಟದ ಪುಸ್ತಕ ದೀಪಾವಳಿಗೆ ಮುಂಚೆಯೇ ಮುಗಿದು
ಪಿ.ಬಿ. ರೋಡಿನ ಅಂಗಡಿಯಲ್ಲಿ ಇನ್ನೊಂದು ಕೊಂಡೆ.
ಪರೀಕ್ಷೆಯ ಹಿಂದಿನ ರಾತ್ರಿ ತೆರೆದರೆ
ಹದಿನಾಲ್ಕನೇ ಪುಟದಲ್ಲಿ, ನನ್ನದೇ ದುಂಡು ಅಕ್ಷರದಲ್ಲಿ:
'ಕಿಟಕಿ ಹಾಕ್ರಪ್ಪ, ಧೂಳು ಬರ್ತೈತಿ.'
ಕೆಳಗೆ ಸ್ಕೇಲಿಟ್ಟು ಎಳೆದ ಕೆಂಪು ಗೆರೆ.
ಅದನ್ನು ಮೂವರು ಝೆರಾಕ್ಸ್ ಮಾಡಿಸಿಕೊಂಡಿದ್ದರು,
ಕಿಟಕಿ ಸಮೇತ.

ಕೈ ಕೇಳಿಸಿಕೊಂಡಿತ್ತು. ನಾನು ಅಲ್ಲಿರಲಿಲ್ಲ.

ನಮ್ಮದು ಬಾಷಾ ನಗರ, ಭಟ್ಟಿಗಳ ಹಿಂದಿನ ಸಾಲು.
ಅಮ್ಮಿ ಬೆಳಗಿನ ಮೂರಕ್ಕೆ ಎದ್ದು ಹೋಗುತ್ತಾಳೆ.
ಹೊಟ್ಟಿನ ಬೆಂಕಿ, ಬಾಣಲೆಯಲ್ಲಿ ಕಾದ ಮರಳು,
ಒಂದು ಹಿಡಿ ಅಕ್ಕಿ ಚಟಪಟ ಎಂದು ಮಂಡಕ್ಕಿಯಾಗಿ
ರೆಪ್ಪೆ ಬಡಿಯುವ ಮೊದಲೇ ಜರಡಿಗೆ.
ಜರಡಿ ಕಂಡಾಗ ಯಾರಿಗೂ ಹೊಳೆಯುವ ಮಾತು ನನಗೂ ಹೊಳೆಯಿತು:
ನೋಟ್ಸ್ ಅಂದರೆ ಹೀಗೇ, ಕಾಳು ನಿಲ್ಲುತ್ತೆ, ಮರಳು ಹೋಗುತ್ತೆ.
ಹೇಳಿಯೂಬಿಟ್ಟೆ. ಅಮ್ಮಿ ನಕ್ಕಳು.
'ಮರಳು ಎಲ್ಲಿಗೆ ಹೋಗ್ತದೆ ಬೇಟಿ?
ತಿರುಗಿ ಬಾಣಲೆಗೇ. ಅದಿಲ್ಲದೆ ಯಾವುದು ಅರಳ್ತದೆ?'

ಅವಳಿಗೆ ಓದು ಬರದು.
ಭಟ್ಟಿಯ ಗೋಡೆಯ ಮೇಲೆ, ಕೈಗೆಟುಕುವಷ್ಟು ಎತ್ತರದಲ್ಲಿ,
ಇದ್ದಿಲಿನಿಂದ ಗೆರೆ ಎಳೆಯುತ್ತಾಳೆ. ಚೀಲಕ್ಕೊಂದು.
ಒಂದು ಸಂಜೆ ಗೌಸ್‌ಪೀರ್ ಲೆಕ್ಕದ ಪುಸ್ತಕ ತಂದ:
'ಈ ವಾರ ನಲವತ್ತೊಂದು, ಖೈರುನ್ನಿಸಾ.'
ಅಮ್ಮಿ ಗೋಡೆಯತ್ತ ತಿರುಗಿದಳು. ನಲವತ್ನಾಲ್ಕು.
ಆಮೇಲೆ ಓದಿದಳು, ನಾನು ಕಂಡಂತೆ ಮೊದಲ ಸಲ:
ಈ ಗಿಡ್ಡ ಗೆರೆ ಸೋಮವಾರ, ಅಕ್ಕಿ ಹಸಿ ಇತ್ತು, ಅರ್ಧ ಮುರುಟಿತು;
ಈ ಮೂರು ಓರೆ, ಹರಿಹರದ ಗಿರಾಕಿಗೆ ಅವಸರ ಅಂತ
ರಾತ್ರಿ ನೀನೇ ಹೊರಿಸಿಕೊಂಡು ಹೋದದ್ದು, ಪುಸ್ತಕ ನಿನ್ನ ಮನೆಯಲ್ಲಿತ್ತು;
ಈ ಚುಕ್ಕೆ ಮಾಬುಬಿಯ ಕೈ ಸುಟ್ಟ ದಿನ,
ಚುಕ್ಕೆಯಾಚೆಯ ಎರಡು ನನ್ನವಲ್ಲ, ಅವಳಿಗೆ ಕೊಡು.
ಅವನ ಪುಸ್ತಕದಲ್ಲಿ ಅಂಕಿಗಳಷ್ಟೇ ಇದ್ದವು.
ಪೆನ್ನು ತೆಗೆದು ತಿದ್ದಿದ, ಗೊಣಗಿಕೊಂಡೇ.

ಮರುದಿನ ತರಗತಿಯಲ್ಲಿ ತುಂಡುಗೂಲಿಯ ಪಾಠ.
ನಾನು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.
ಪಕ್ಕದ ವನಜಾಕ್ಷಿ ಮೊಣಕೈಯಿಂದ ತಿವಿದಳು: ಬರ್ಕೊಳ್ಳೇ!
ಮೇಷ್ಟ್ರು ಒಂದು ಕಡೆ, ಒಂದೇ ಒಂದು ಕಡೆ, ತಡೆದರು,
ಹೇಳಲೋ ಬೇಡವೋ ಎಂಬಂತೆ ಸೀಮೆಸುಣ್ಣ ತಿರುವುತ್ತ.
ಆ ತಡೆದ ಜಾಗಕ್ಕೆ ಒಂದು ಓರೆ ಗೆರೆ ಹಾಕಿದೆ.
ಅದರ ಬಳಿ ಎರಡು ಪದ: 'ಯಾರು ಎಣಿಸುವುದು?'
ಇಡೀ ಒಂದು ಗಂಟೆಗೆ ಅಷ್ಟೇ.
ಸಂಜೆ ಬಸ್ಸಿನಲ್ಲಿ ನೇತಾಡುತ್ತ ಗಾಂಧಿ ಸರ್ಕಲ್ ದಾಟುವಷ್ಟರಲ್ಲಿ
ಪಾಠ ಆ ಗೆರೆಯ ಕೈ ಹಿಡಿದು ಎದ್ದು ಬಂತು.
ಪೂರ್ತಿಯೇನಲ್ಲ. ಒಂದು ಇಸವಿ ಬಿಟ್ಟುಹೋಗಿತ್ತು,
ಒಂದು ಹೆಸರು. ಅವು ಲೈಬ್ರರಿಯಲ್ಲಿ ಸಿಗುತ್ತವೆ.

ರಂಜಾನ್ ಮುಗಿಯುವ ಮೊದಲು ಭಟ್ಟಿಗೆ ಸುಣ್ಣ ಹೊಡೆಸುತ್ತಾರಂತೆ.
ಅಮ್ಮಿ ಕರೆದಳು: 'ನಿನ್ನ ಪುಸ್ತಕ ತಾ. ಇವನ್ನೆಲ್ಲ ಇಳಿಸಿಕೋ.'
ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಇಳಿಸಿದೆ,
ಗಿಡ್ಡದ್ದು ಗಿಡ್ಡ, ಓರೆಯದ್ದು ಓರೆ, ಚುಕ್ಕೆಯಿದ್ದಲ್ಲಿ ಚುಕ್ಕೆ,
ಮೊದಲ ವರ್ಷದ ಹಾಗೆ, ಒಂದನ್ನೂ ಬಿಡದೆ.
ಒಂದು ಪುಟವೂ ತುಂಬಲಿಲ್ಲ.
ಮೂಲೆಯ ಉದ್ದ ಗೆರೆಯ ಮೇಲೆ ಬೆರಳಿಟ್ಟು ಕೇಳಿದೆ, ಇದು?
ಅಮ್ಮಿ ಸೆರಗಿನಲ್ಲಿ ಮಸಿ ಒರೆಸಿಕೊಳ್ಳುತ್ತ, ಬೆಂಕಿಯ ಕಡೆ ನೋಡುತ್ತ,
'ಅದು ನಂದು,' ಎಂದಳು, 'ಚೀಲದ್ದಲ್ಲ.'

ಅದರ ಪಕ್ಕ ಜಾಗ ಬಿಟ್ಟಿದ್ದೇನೆ.