ಲೈಟು ಆರಿಸಿ ನೋಡು

ರೈಲ್ವೆ ಕೆಳಸೇತುವೆಯ ಮಳೆನೀರು ಈಜಿ
ಆಚೆ ಏರು ಹತ್ತಿದ ಮೇಲೆ ನಿಂತಿತು ಗಾಡಿ.
ನಿಲ್ಲುವುದಾದರೆ ನೀರೊಳಗೇ ನಿಲ್ಲಬಹುದಿತ್ತು;
ಅಷ್ಟು ಮರ್ಯಾದೆ ಈ ವಯಸ್ಸಲ್ಲೂ ಉಳಿಸಿಕೊಂಡಿದೆ
ನನ್ನ ತೊಂಬತ್ತಾರರ ಓಮ್ನಿ.

ಹಿಂದೆ ಆರು ಮೂಟೆ ರೇಷ್ಮೆಗೂಡು,
ಶಿಡ್ಲಘಟ್ಟದ ಮಾರ್ಕೆಟ್ಟಲ್ಲಿ ಜಗಳವಾಡಿ ಹಿಡಿದದ್ದು.
ಮೂಟೆಗಳ ನಡುವೆ ಅಶ್ವತ್ತಮ್ಮ, ಅರವತ್ತೆರಡು,
ಹನ್ನೊಂದು ವರ್ಷದಿಂದ ನನ್ನ ಒಲೆಯ ಮುಂದೆ ನೂಲು ತೆಗೆಯುವವಳು.
"ಗೂಡು ನೆನೀದಿದ್ರೆ ಸಾಕು. ನಾವು ನೆಂದ್ರೆ ಒಣಗ್ತೀವಿ."

ಸೆಲ್ಫ್ ಹೊಡೆದೆ. ಕುರ್ ಕುರ್ ಕುರ್.
ಇನ್ನೊಮ್ಮೆ. ಇನ್ನೊಮ್ಮೆ.
ಪ್ರತಿ ಸಲ ಸ್ವರ ಒಂದು ಮೆಟ್ಟಿಲು ಇಳಿಯಿತು.
ಫೋನಲ್ಲಿ ಬೈದ ದಿಬ್ಬೂರಹಳ್ಳಿ ರಸ್ತೆಯ ಅಮಾನುಲ್ಲಾ:
"ಬ್ಯಾಟ್ರಿ ಸಾಯಿಸ್ಬ್ಯಾಡಮ್ಮೋ! ಪೆಟ್ರೋಲ್ ವಾಸ್ನೆ ಬರ್ತೈತಾ?"
ಬರ್ತೈತೆ.
"ಹಂಗಾದ್ರೆ ಅಕ್ಕಿ ಐತೆ, ಒಲೆ ಹತ್ತಿಲ್ಲ. ಸೀಟೆತ್ತು."

ಓಮ್ನಿಯ ಎಂಜಿನ್ನು ಮುಂದಿನ ಸೀಟಿನ ಕೆಳಗೆ.
ಇಷ್ಟು ವರ್ಷ ಅದರ ಮೇಲೇ ಕೂತು
ಬೇರೆಲ್ಲೋ ನೋಡುತ್ತಿದ್ದೆ.

ಟಾರ್ಚ್ ಬಿಟ್ಟೆ. ವೈರು, ಕ್ಲಿಪ್ಪು, ಕರೀ ಮುಚ್ಚಳ,
ಎಲ್ಲದರ ಮೇಲೂ ಒಂದೇ ಥರದ ಹನಿ.
ಯಾವುದೂ ತಪ್ಪೊಪ್ಪಿಕೊಳ್ಳುವ ಹಾಗೆ ಕಾಣಲಿಲ್ಲ.
"ಟಾರ್ಚ್ ಆರ್ಸು," ಅಂದ.
"ಬೆಳಕಲ್ಲಿ ಕಾಣಲ್ಲ ಅದು. ಕತ್ಲು ಮಾಡ್ಕಂಡು
ಒಬ್ರು ಚಾಬಿ ತಿರುಗ್ಸಿ, ಒಬ್ರು ನೋಡಿ. ಮುಟ್ಬ್ಯಾಡಿ."

ಅಶ್ವತ್ತಮ್ಮ ಚಾಬಿ ತಿರುಗಿಸಿದಳು,
ಜೀವಮಾನದಲ್ಲಿ ಮೊದಲ ಸಲ, ಕಣ್ಣು ಮುಚ್ಚಿಕೊಂಡು.
ಕಂಡಿತು.
ಮುಚ್ಚಳದ ಪಕ್ಕೆಯಲ್ಲಿ ಒಂದು ನೀಲಿ ಎಳೆ
ಹುಟ್ಟಿ, ನಡುಗಿ, ಒದ್ದೆಯ ಜಾಡು ಹಿಡಿದು
ಕಬ್ಬಿಣಕ್ಕೆ ಓಡಿ ಸಾಯುತ್ತಿತ್ತು.
ಮತ್ತೆ ಹುಟ್ಟುತ್ತಿತ್ತು.
ಪ್ಲಗ್ಗಿನವರೆಗೆ ಹೋಗುವ ಕಷ್ಟ ಯಾಕೆ,
ಹತ್ತಿರದಲ್ಲೇ ಇಳಿಜಾರು ಸಿಕ್ಕಿರುವಾಗ?
ಕುದಿಯುವ ನೀರಲ್ಲಿ ಗೂಡಿನ ತುದಿ ಹುಡುಕುವ ಕಣ್ಣು ನನ್ನದು,
ಕಾಣದ ಎಳೆಯನ್ನೂ ಬಿಟ್ಟವಳಲ್ಲ.
ಇದು ಮಾತ್ರ ಟಾರ್ಚ್ ಹಿಡಿದಷ್ಟೂ ತಪ್ಪಿಸಿಕೊಂಡಿತ್ತು.

ಚಾಬಿ ಹಿಂದಕ್ಕೆ. ಕ್ಲಿಪ್ ಬಿಚ್ಚಿದೆ. ಮುಚ್ಚಳದ ಒಳಗೂ ಬೆವರು.
ಒರೆಸಲು ಬಟ್ಟೆ? ನನ್ನ ಸೆರಗು ಒದ್ದೆ, ಅವಳದೂ ಒದ್ದೆ,
ಸೀಟಿನ ಕೆಳಗಿನ ಪೇಪರು ಗಂಜಿ.
ಅಶ್ವತ್ತಮ್ಮ ಮೂಟೆಯ ಬಾಯಿ ಬಿಚ್ಚಿ
ಗೂಡುಗಳ ಮೇಲಿನ ಜುಂಗು ಕಿತ್ತು ಕಿತ್ತು
ಒಂದು ಹಿಡಿ ಕೊಟ್ಟಳು.
ಯಾವ ಶ್ರೀಮಂತನ ಕಾರನ್ನೂ
ರೇಷ್ಮೆಯಲ್ಲಿ ಒರೆಸಿರಲಿಕ್ಕಿಲ್ಲ ಯಾರೂ.

ಒರೆಸಿದ ಮೇಲೆ ಸಿಕ್ಕಿತು ಬಿರುಕು:
ಕೂದಲಷ್ಟು, ಒಳಗೆ ಮಸಿ ತುಂಬಿಕೊಂಡು.
ಬಳೆಗೆ ಸಿಕ್ಕಿಸಿದ್ದ ಪಿನ್ನಿನಲ್ಲಿ ಕೆರೆದೆ.
"ಮುಚ್ಚೋಕೆ..." ಅಮಾನುಲ್ಲಾ ಸ್ವಲ್ಪ ತಡೆದ,
"ಉಗುರಿಗೆ ಹಚ್ತಾರಲ್ಲ, ಆ ಬಣ್ಣ ಏನಾದ್ರೂ?"
ನಕ್ಕೆ. ದಿನವಿಡೀ ಬಿಸಿನೀರಲ್ಲಿ ಅದ್ದಿದ ಕೈ ನಮ್ಮದು,
ಬೆರಳ ತುದಿ ಬೆಂದ ಕಡಲೆಕಾಯಿ.
ಇಲ್ಲ ಅನ್ನುವಷ್ಟರಲ್ಲಿ
ಹಿಂದೆ ಎಲೆಅಡಿಕೆ ಚೀಲದ ದಾರ ಸಡಿಲಾದ ಸದ್ದು.
ಸುಣ್ಣದ ಡಬ್ಬಿಯ ಪಕ್ಕದಿಂದ
ಬೆರಳುದ್ದದ ಕೆಂಪು ಬಾಟಲಿ.

"ಯಾರ್ದಿದು?"
"ನಂದೇ. ಯಾಕೆ?"
ಸ್ವಲ್ಪ ಹೊತ್ತು ಮಳೆ.
"ಕೈಗೆ ನಿಲ್ಲಲ್ಲ. ಕಾಲಿಗೆ."

ಎರಡು ಸಲ ಬಳಿದು, ಊದಿ ಊದಿ ಒಣಗಿಸಿ,
ಎಲ್ಲ ಇದ್ದಲ್ಲೇ ಇಟ್ಟು ಚಾಬಿ ತಿರುಗಿಸಿದೆ.
ಮೊದಲು ಕೆಮ್ಮಿತು. ಆಮೇಲೆ ಎರಡು ಸಿಲಿಂಡರು ಎದ್ದವು,
ಮೂರನೆಯದು ಕುಂಟುತ್ತ ಬಂದು ಸೇರಿಕೊಂಡಿತು.
"ಬಣ್ಣ ಯಾವ್ದು?" ಕೇಳಿದ ಅಮಾನುಲ್ಲಾ.
ಫೋನು ಇಟ್ಟುಬಿಟ್ಟೆ.

ಮುಂದೆ ಬಾ ಅಂದೆ. ಬಂದಳು.
ಸೀಟು ಬೆಚ್ಚಗೈತೆ ಅಂದಳು.
ಮಿಕ್ಕ ಜುಂಗಿನಲ್ಲಿ ಪಾದದ ಕೆಸರು ಒರೆಸಿಕೊಳ್ಳತೊಡಗಿದಳು,
ಒಂದೊಂದೇ ಬೆರಳು, ನಿಧಾನ.
ಒಳಗಿನ ಲೈಟು ಹಾಕ್ಲಾ ಅಂದೆ.

"ಬ್ಯಾಡ. ಬ್ಯಾಟ್ರಿ ವೀಕೈತೆ."