ಅಸ್ತರ

ಶಹಾಬಾದ್ ಫರಸಿ ಮ್ಯಾಲ ಮೂರು ಡಬ್ಬಿ ಅವ:
ಕರಿದು, ಬಿಳಿದು, ಬೂದಿಬಣ್ಣದ್ದು.
ನಡುವ ಬೆರಳುದ್ದದ ಒಂದು ಬ್ರೇಕ್ ವ್ಯಾನು,
ಖರೇದರ ಎಂಬತ್ತೇಳರಾಗ ಒಂದು ಪಾಲು,
ಬೆತ್ತಲೆ ಪ್ಲಾಸ್ಟಿಕ್ಕು, ಈಗಷ್ಟೇ ಅಂಟು ಒಣಗಿದ್ದು.

ಖರೇ ವ್ಯಾನಿನ್ಯಾಗ ಇಪ್ಪತ್ತೆರಡು ವರ್ಷ ಕುಂತೀನಿ,
ವಾಡಿಯಿಂದ ಸಿಮೆಂಟು ಹೇರಿಕೊಂಡು ಹೋಗೋ ಗಾಡಿಯ
ಕಟ್ಟಕಡೀ ಡಬ್ಬಿ ಅದು.
ಮುಂದ ಏನು ಬರ್ತದ ಅಂತ ಎಂದೂ ಕಂಡಿಲ್ಲ,
ದಾಟಿದ್ದಷ್ಟೇ ನೋಡೀನಿ.

ಹೋದ ಸಲ ಅವಸರ ಮಾಡ್ದೆ.
ಬೇಸಿಗಿ ಮಧ್ಯಾಹ್ನ, ಮಾಳಗಿ ಮ್ಯಾಲ ಬಿಸಲು ನಲವತ್ನಾಲ್ಕು.
ಡಬ್ಬಿಯಿಂದ ಹೊಂಟ ಬಣ್ಣ ವ್ಯಾನಿಗಿ ಮುಟ್ಟೋದ್ರೊಳಗ
ಗಾಳಿಯಾಗೇ ಒಣಗಿ
ರವಾ ಸುರುವಿದಂಗ ಕುಂತಿತು.
ಅದಕ್ಕೂ ಹಿಂದ ಹಾರ್ಡ್‌ವೇರ್ ಅಂಗಡಿ ರೆಡ್ ಆಕ್ಸೈಡು,
ಬಾಗಿಲಿಗಿ ಹಚ್ಚಿ ಉಳದಿತ್ತು, ಯಾಕ ಬಿಡ್ಲಿ ಅಂತ.
ಸಾಸಿವಿಗಿಂತ ಸಣ್ಣ ರಿವೆಟ್ಟು, ಎಣಿಸಿದ್ದೆ, ನೂರಾ ಹದಿನಾರು,
ಒಂದೂ ಉಳೀಲಿಲ್ಲ.

ಕರಿ ಅಸ್ತರ ಕೊಟ್ರ ನೆರಳು ತಾನಾಗೇ ಬರ್ತದ,
ಮೂಲಿ ಮೂಲಿಯೊಳಗ ಸಂಜಿ ಉಳೀತದ.
ಆದ್ರ ಮ್ಯಾಲಿನ ಕಂದು ಬಣ್ಣ ಮೂರು ಸಲ ಉಣಿಸಿದ್ರೂ
ಉಂಡಿಲ್ಲ ಅಂತದ.
ಬಿಳಿ ಕೊಟ್ರ ಕಂದು ಕುಣೀತದ,
ಮದಿವಿ ಬ್ಯಾಂಡಿನವರ ಅಂಗಿ ಹಂಗ.
ಗೂಡ್ಸ್ ಗಾಡಿಗಿ ಅಷ್ಟು ಹುರುಪು ಯಾತಕ್ಕ?
ಬೂದಿದು ಸುಮ್ಮನಿರ್ತದ ಖರೆ, ಆದ್ರ ಚಾಡಿಕೋರ.
ಅಂಟಿನ ಒಂದು ಎಳಿ, ಅರದ ಒಂದು ಗೀರು,
ಕೂಡಿದ ಗೆರಿ ಕೂದಲಷ್ಟು ತಪ್ಪಿದ್ರೂ
ಎಲ್ಲಾ ಹೇಳಿಬಿಡ್ತದ.

ಕೆಳಗಿನ ಮನ್ಯಾಗ ಮಷೀನು ತುಳಿಯೋ ಅಂಬುಬಾಯಿನ್ನ ಕೇಳ್ದೆ,
ಜಂಪರಿನ ಅಸ್ತರಕ್ಕ ಬಣ್ಣ ಹ್ಯಾಂಗ ಆರಿಸ್ತೀರಿ?
ಬಾಯಾಗಿನ ಗುಂಡುಸೂಜಿ ತಗೀದೇ ಅಂದಳು:
"ಕಾಣ್ಲಿಕ್ಕಲ್ಲರೀ ಅದು, ಬೆವರು ಕುಡೀಲಿಕ್ಕ.
ಮ್ಯಾಲಿನ ಬಟ್ಟಿ ಮೈಗಿ ಚುಚ್ಚಬಾರದು,
ಮೈ ಮ್ಯಾಲಿನ ಬಟ್ಟಿಗಿ ತಿಳೀಬಾರದು.
ಎರಡರ ನಡುವ ಅದರ ಬಾಳೇವು."
ಲಾರಿಗಿ ಬಣ್ಣ ಹೊಡಿಯೋ ಮಶಾಕಸಾಬನದೂ ಅದೇ ಶಬ್ದ:
"ಮೊದ್ಲು ಅಸ್ತರ ಹಿಡೀಲಿ,
ಮಾಲೀಕರ ಹೆಸರು ಆಮ್ಯಾಲ."

ಬೂದಿ ಕಡಿ ಮನಸು ವಾಲಿತು. ವಾಲದೇ ಏನು ಮಾಡ್ತದ,
ಈ ಊರಾಗ ಬೇವಿನ ಎಲಿ, ತಗಡಿನ ಚಾವಣಿ,
ಒಣಹಾಕಿದ ಕೌದಿ, ಎಮ್ಮಿ ಬೆನ್ನು,
ಎಲ್ಲಕ್ಕೂ ಫ್ಯಾಕ್ಟರಿ ಒಂದು ಕೈ ಹೊಡದು ಬಿಟ್ಟದ.
ಮ್ಯಾಲಿನ ಬಣ್ಣ ಯಾವಾಗ ಕೊಡ್ತಾರೋ
ಯಾರೂ ಹೇಳಿಲ್ಲ.

ಮುಂಜಾನಿ ಐದಕ್ಕ ಎದ್ದೆ. ತಂಪಿತ್ತು.
ಡಬ್ಬಿ ಅಲ್ಲಾಡಿಸ್ದೆ, ಒಳಗಿನ ಗೋಲಿ ಟಣಟಣ ಅಂತು,
ಬಾಜೂ ಮಾಳಗಿ ನಾಯಿ ಬೊಗಳ್ತು.
ಗೇಣು ದೂರದಿಂದ ಒಂದು ಸಲ, ತಡದು ಇನ್ನೊಂದು ಸಲ.
ಚಂದ ಹಿಡೀತು.
ಒಂದು ಕಡಿ ಮಾತ್ರ, ವರಾಂಡದ ಮ್ಯಾಲಿನ ಚಾವಣಿ ತುದಿಗಿ,
ಬಣ್ಣ ಹಿಂದ ಹಿಂದ ಸರದು ನಿಂತು
ನಡುವ ಒಂದು ಹೆಬ್ಬಟ್ಟು ಮೂಡಿತು.
ಶೇಂಗಾ ಎಣ್ಣಿ. ರಾತ್ರಿ ರೊಟ್ಟಿ ಉಂಡು ಕೈ ತೊಳಕೊಂಡಿದ್ದೆ.
ತೊಳಕೊಂಡೀನಿ ಅನಕೊಂಡಿದ್ದೆ.

ಥಿನ್ನರಿನ್ಯಾಗ ಅರಿವಿ ಅದ್ದೀನಿ, ಒರಸಬೇಕು,
ಅಷ್ಟರಾಗ ಫೋನು: ಏಳಕ್ಕ ಡ್ಯೂಟಿ, ಖಾಲಿ ರೇಕು, ರಾಯಚೂರ ಕಡಿ.

ನಾಲವಾರದ ಹೊರಗ ಸಿಗ್ನಲ್ ಸಿಗದೇ ನಿಂತಾಗ
ಖರೇ ವ್ಯಾನಿನ ಕಂಬಿ ಹತ್ರ, ಬಣ್ಣ ಎದ್ದಲ್ಲಿ,
ಕೀಲಿಕೈಲೆ ಕೆರದು ನೋಡ್ದೆ.
ಕಂದು. ಕೆಳಗ ಇನ್ನೊಂದು ಕಂದು, ಹಳೀದು.
ಅದರ ಕೆಳಗ ಇಟ್ಟಂಗಿ ಕೆಂಪು. ಆಮ್ಯಾಲ ಕಬ್ಬಿಣ.
ಆ ಕೆಂಪಿನ್ಯಾಗ ಬ್ರಶ್ಶಿನ ಒಂದು ಕೂದಲು ಸಿಕ್ಕೊಂಡಿತ್ತು,
ಯಾವ ವರ್ಕ್‌ಶಾಪಿನವನ ಕೈಯಾಂದೋ.
ಅವನಿಗೂ ಅವತ್ತು ಯಾರೋ ಕರದಿರಬೇಕು.
ಉಗುರಿಲೆ ಎಬ್ಬಿಸ್ಲಿಕ್ಕ ನೋಡ್ದೆ. ಬರಲಿಲ್ಲ.
ಸಿಗ್ನಲ್ ಬಿತ್ತು. ಹಸಿರು ಝಂಡಾ ತೋರಸ್ದೆ.

ಮನ್ಯಾಗ ಥಿನ್ನರಿನ ಅರಿವಿ ಒಣಗಿ ಸೆಟೆದದ.
ಹೆಬ್ಬಟ್ಟು ಹಂಗೇ ಅದ.
ಐತವಾರ ಕಂದು ಕೊಡ್ತೀನಿ.